ಐನೂರೈವತ್ತು ಗ್ರಾಂ ತೂಕದ ಬ್ರಾಕೆಟ್ಟು

ಎಂಜಿನ್ ಸತ್ತ ದಿನ ಅಪ್ಪ ಊಟ ಬಿಡಲಿಲ್ಲ, ಮಾತು ಬಿಟ್ಟ. ಇಪ್ಪತ್ತೊಂದು ವರ್ಷ ಓಡಿದ ಲಾರಿ ಏರುದಾರಿಯ ನಡುವೆ ಒಂದು ಸಲ ಕೆಮ್ಮಿ, ಕಪ್ಪಗೆ ಹೊಗೆ ಉಗುಳಿ ನಿಂತುಬಿಟ್ಟಿತ್ತು. ಅದನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದು ತಂದು ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಎಂಜಿನ್ ಮೇಸ್ತ್ರಿ ಬಂದ, ಬಿಚ್ಚಿ ಒಳಗೆ ಇಣುಕಿದ, ಕೈ ಒರೆಸಿಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಮನೆಯವರಿಗೆ ಹೇಳುವ ಧಾಟಿಯಲ್ಲಿ "ಮುಗೀತು ಯಜಮಾನ್ರೇ" ಅಂದ.

ನಾನು ಆ ಲಾರಿಯ ಎರಡನೇ ಡ್ರೈವರ್. ಅಂದರೆ ಅಪ್ಪನಿಗೆ ನಿದ್ದೆ ಬಂದಾಗ ಮಾತ್ರ ಡ್ರೈವರ್. ಅಪ್ಪನಿಗೆ ನಿದ್ದೆ ಬರುವುದಿಲ್ಲ.

ಹದಿನೈದು ದಿನ ಅಲೆದು ಅಪ್ಪ ಇನ್ನೊಂದು ಎಂಜಿನ್ ತಂದ. ಬೇರೆ ಕಂಪನಿಯದು, ಯಾವುದೋ ಗುಜರಿ ಲಾರಿಯಿಂದ ಇಳಿಸಿದ್ದು, ನಮ್ಮದಕ್ಕಿಂತ ಒಂದು ಗೇಣು ಉದ್ದ. ಎಂಜಿನ್ನಿನ ತೂತುಗಳು ಒಂದು ಕಡೆ, ಲಾರಿಯ ತಳದ ಚೌಕಟ್ಟು, ಚಾಸಿಯ ತೂತುಗಳು ಇನ್ನೊಂದು ಕಡೆ. ಎರಡನ್ನೂ ಹಿಡಿದು ನಿಲ್ಲಿಸಲು ನಾಲ್ಕು ಬ್ರಾಕೆಟ್ಟು ಬೇಕು. ಅವು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಈ ಎಂಜಿನ್ನಿಗೆ ಈ ಲಾರಿಗೆ ಅಂತಲೇ ಮಾಡಿಸಬೇಕು. ಮೇಸ್ತ್ರಿಗೆ ಪರಿಚಯವಿದ್ದ ದೊಡ್ಡ ವರ್ಕ್‌ಶಾಪಿನವರು ಎರಡು ತಿಂಗಳು ಕಾಯಬೇಕು ಅಂದರಂತೆ.

ಈ ವಿಷಯವನ್ನು ಅಪ್ಪ ಊಟಕ್ಕೆ ಕೂತಾಗ ಹೇಳಿದ. ಅಲ್ಲೇ ಎಡವಟ್ಟಾಯಿತು. ಪಕ್ಕದಲ್ಲಿ ಭಾವ ಕೂತಿದ್ದರು.

"ನಾಲ್ಕು ಬ್ರಾಕೆಟ್ ತಾನೇ ಮಾವ? ನಾನು ಮಾಡಿಕೊಡ್ತೀನಿ ಬಿಡಿ" ಅಂದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಎರಡು ಬೀದಿ ಆಚೆ ಅವರ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಮಾಡುತ್ತಾರೆ. ಕೈಯಲ್ಲಿ ಕಸುಬು ಇದೆ. ಅವರು ಮಾಡಿದ ಗೇಟು ಹಾರಬೇಕೆಂದು ಬಂದ ಕಳ್ಳನೂ ಅರೆಕ್ಷಣ ನಿಂತು ಬಳ್ಳಿಯ ಕೆಲಸ ನೋಡಿಕೊಂಡು ಹಾರಬೇಕು. ಆದರೆ ಅಪ್ಪನ ಲೆಕ್ಕದಲ್ಲಿ ಕಬ್ಬಿಣ ಅಂದರೆ ಓಡಬೇಕು. ಒಂದೇ ಕಡೆ ನಿಂತು ಕಿರುಗುಟ್ಟುವ ಕಬ್ಬಿಣ ಅವನಿಗೆ ಪೀಠೋಪಕರಣ. ಹಾಗಾಗಿ ಮದುವೆಯಾಗಿ ಒಂಬತ್ತು ವರ್ಷವಾದರೂ ಹೊರಗಿನವರ ಎದುರು ಭಾವನನ್ನು "ಇವರು ಗೇಟಿನವರು" ಅಂತಲೇ ಪರಿಚಯಿಸುತ್ತಿದ್ದ. ಮರ್ಯಾದೆಗೇನೂ ಕಡಿಮೆ ಇರಲಿಲ್ಲ. ಬನ್ನಿ, ಕೂತ್ಕೊಳ್ಳಿ, ಇನ್ನೊಂಚೂರು ಹಾಕಿಸ್ಕೊಳ್ಳಿ. ಸಾಮಾನು ಸಾಗಿಸಲು ಲಾರಿ ಕೇಳಿಕೊಂಡು ಬಂದ ಗಿರಾಕಿಗೆ ಎಷ್ಟೋ ಅಷ್ಟು. ಆ ಮರ್ಯಾದೆ ಭಾವನಿಗೆ ಒಂಬತ್ತು ವರ್ಷದಿಂದ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಬ್ರಾಕೆಟ್ಟಿನ ಮಾತು ಬಂದಾಗ ಅವರು ಬಿಚ್ಚಿದ್ದು ಬಾಯನ್ನಲ್ಲ, ಆ ಚಪ್ಪಲಿಯನ್ನು.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೋಡಿ, ಆದ್ರೆ ಮಾಡಿ" ಅಂದ.

ಮಾರನೇ ದಿನ ಎಂಜಿನ್ನನ್ನು ಶೆಡ್ಡಿನ ತೊಲೆಗೆ, ಭಾರ ಎತ್ತಿ ಇಳಿಸುವ ಚೈನ್ ಬ್ಲಾಕಿನಲ್ಲಿ ನೇತುಹಾಕಿ, ಭಾವ ಮೂರು ದಿನ ಅದರ ಕೆಳಗೆ ಮಲಗಿ, ಮೇಲೆ ಹತ್ತಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಳತೆ ತೆಗೆದರು. ದರ್ಜಿ ಕೂಡ ಯಾರದೂ ಅಷ್ಟು ಅಳತೆ ತೆಗೆದಿರಲಾರ. ಆಮೇಲೆ ತಮ್ಮ ಕಸುಬಿನ ರೂಢಿಯಂತೆ ಮೊದಲು ರಟ್ಟಿನಲ್ಲಿ ಮಾಡಿದರು. ರಟ್ಟಿನಲ್ಲಿ ಕತ್ತರಿಸಿ, ಜಾಗಕ್ಕೆ ಹಿಡಿದು ನೋಡಿ, ಸರಿ ಅನಿಸಿದ ಮೇಲೆ ಕಬ್ಬಿಣ ಮುಟ್ಟುವುದು ಎಲ್ಲ ವೆಲ್ಡರುಗಳೂ ಮಾಡುವ ಕೆಲಸವೇ. ಆದರೆ ಭಾವನದು ಗೇಟಿನ ಕೈ. ಗೇಟು ಮಾಡಿಸುವವರಿಗೆ ಗೆರೆ ಎಳೆದು ತೋರಿಸಿದರೆ ಅರ್ಥವಾಗುವುದಿಲ್ಲ, ಬಣ್ಣ ಬಳಿದು ತೋರಿಸಿದರೆ ಅರ್ಥವಾಗುತ್ತದೆ ಎಂಬುದು ಅವರ ಅನುಭವ. ಅದಕ್ಕೇ ಅವರ ಅಂಗಡಿಯಲ್ಲಿ ಹೂವು ಬಳ್ಳಿಗಳ ರಟ್ಟಿನ ಮಾದರಿಗಳು ಬಣ್ಣ ಹೊಡೆಸಿಕೊಂಡು ಗೋಡೆಗೆ ನೇತಾಡುತ್ತವೆ.

ಅದೇ ಧಾಟಿಯಲ್ಲಿ ಬ್ರಾಕೆಟ್ಟೂ ತಯಾರಾಯಿತು. ಬೋಲ್ಟಿನ ಉದ್ದ ಗೊತ್ತಾಗಬೇಕೆಂದು ರಟ್ಟಿನ ಮೇಲೆ ರಟ್ಟು ಅಂಟಿಸಿ ಹತ್ತು ಮಿಲಿಮೀಟರ್ ದಪ್ಪ ಮಾಡಿದರು. ಕತ್ತರಿಸಲು ನಾನೂ ಕೂತಿದ್ದೆ, ಗೇಟಿನವರ ಕೆಲಸ ಅಂತ ಅಪ್ಪ ಆ ಕಡೆ ತಲೆ ಹಾಕಲಿಲ್ಲ. ಅಂಚಿನ ಪದರ ಕಾಣದಂತೆ ಲಪ್ಪ ಮೆತ್ತಿ, ಒಣಗಿಸಿ, ಮರಳುಕಾಗದದಲ್ಲಿ ಉಜ್ಜಿ, ಮೂರು ಕೋಟು ಬೆಳ್ಳಿ ಬಣ್ಣ ಹೊಡೆದು ನಾಲ್ಕನ್ನೂ ಶೆಡ್ಡಿನ ಗೋಡೆಗೆ ಒರಗಿಸಿ ಒಣಗಲು ಬಿಟ್ಟರು. ಬಿಟ್ಟು ಕಬ್ಬಿಣದ ಪ್ಲೇಟು ತರಲು ನನ್ನನ್ನು ಕರೆದುಕೊಂಡು ಹೋದರು.

ನಾವು ವಾಪಸ್ಸು ಬಂದಾಗ ಗೋಡೆಗೆ ಮೂರೇ ಒರಗಿದ್ದವು.

ನಾಲ್ಕನೆಯದು ಟೀ ಅಂಗಡಿಯಲ್ಲಿತ್ತು. ಅಪ್ಪ ಬೆಂಚಿನ ನಡುವೆ ಕೂತು ಅದನ್ನು ಒಂದೇ ಬೆರಳಿನ ಮೇಲೆ ನಿಲ್ಲಿಸಿ ತೋರಿಸುತ್ತಿದ್ದ. ಸುತ್ತ ಹತ್ತು ಹದಿನೈದು ಜನ. ಟೀ ಅಂಗಡಿಯವನು ಹಾಲು ಉಕ್ಕುವುದನ್ನೂ ಬಿಟ್ಟು ನೋಡುತ್ತಿದ್ದ. ಟೈರ್ ಅಂಗಡಿಯವನು ಬ್ರಾಕೆಟ್ಟನ್ನು ಇಸಿದುಕೊಂಡು ಕೈಯಲ್ಲಿ ತೂಗಿ, ಇದು ವಿಮಾನಕ್ಕೆ ಹಾಕುವ ಲೋಹ, ತನ್ನ ಷಡ್ಡಕ ವಿಮಾನ ನಿಲ್ದಾಣದಲ್ಲೇ ಕೆಲಸ ಮಾಡುವುದರಿಂದ ತನಗೆ ಚೆನ್ನಾಗಿ ಗೊತ್ತು ಅಂದ. ಷಡ್ಡಕನ ಕೆಲಸ ಅಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿಯುವುದು. ಎಂಜಿನ್ ಮೇಸ್ತ್ರಿ ಎಲ್ಲರಿಗಿಂತ ಹಿಂದೆ ನಿಂತಿದ್ದ. ಮೂವತ್ತು ವರ್ಷದ ಕಸುಬಿನವನು ಗೊತ್ತಿಲ್ಲ ಅನ್ನುವುದು ಹೇಗೆ? ಬ್ರಾಕೆಟ್ಟಿನ ವಾಸನೆ ನೋಡಿ, "ಇದರ ಬಗ್ಗೆ ಕೇಳಿದ್ದೆ, ಕೈಗೆ ಸಿಕ್ಕಿರಲಿಲ್ಲ" ಅಂದ.

ಭಾವ ಜನರನ್ನು ಸರಿಸಿಕೊಂಡು ಮುಂದೆ ಹೋದರು. "ಮಾವ, ಅದು..." ಅಂತ ಶುರು ಮಾಡಿದರು.

ಅಪ್ಪ ಎದ್ದು ನಿಂತು ಅವರ ಹೆಗಲ ಮೇಲೆ ಕೈ ಹಾಕಿದ. "ಇವರೇ ನೋಡಿ. ನನ್ನ ಅಳಿಯ. ಇವರದೇ ಕೈಕೆಲಸ."

ಭಾವನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಮುಂದಿನ ಅನಾಹುತವೆಲ್ಲ ಒಳಗೆ ಬಂದದ್ದು ಆ ಮುಚ್ಚಿದ ಬಾಯಿಯಿಂದಲೇ. ಯಾವ ಲೋಹ ಅಂತ ಯಾರೋ ಕೇಳಿದರು. "ಸ್ವಲ್ಪ ಬೇರೆ ಥರದ್ದು" ಅಂದರು ಭಾವ. ರಟ್ಟು ಅಂತ ನನಗೂ ಗೊತ್ತಿತ್ತು. ನಾನೂ ಹೇಳಲಿಲ್ಲ. ಎಂಜಿನ್ ಸತ್ತ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.

ಸಂಜೆಯೊಳಗೆ ಕಬ್ಬಿಣದ್ದು ಮಾಡಿ ಸದ್ದಿಲ್ಲದೆ ಬದಲಾಯಿಸಿಬಿಡುವುದು ಭಾವನ ಉಪಾಯ. ಒಳ್ಳೆಯ ಉಪಾಯವೇ. ಆದರೆ ಮಧ್ಯಾಹ್ನವೇ ಅಪ್ಪ ಒಂದು ಬ್ರಾಕೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಹನ ಪರೀಕ್ಷೆಯ ಕಚೇರಿಗೆ ಹೊರಟ. ಲಾರಿಯ ಎಂಜಿನ್ ಬದಲಾಯಿಸಿದರೆ ಅಲ್ಲಿನ ಸಾಹೇಬರು ಒಪ್ಪಬೇಕು. ಇಲ್ಲದಿದ್ದರೆ ಲಾರಿ ರಸ್ತೆಗೆ ಇಳಿಯುವಂತಿಲ್ಲ. ಭಾವನೂ ನಾನೂ ಅವನ ಹಿಂದೆ ಓಡಿದೆವು.

ಸಾಹೇಬರು ಸಣ್ಣ ದೇಹದ, ದೊಡ್ಡ ಕನ್ನಡಕದ ಮನುಷ್ಯ. ಇಪ್ಪತ್ತು ವರ್ಷದಿಂದ ಒಂದೇ ಫಾರಂ ತುಂಬಿ ಅವರಿಗೆ ಬೇಸರ ಬಂದಿತ್ತು. ಆ ಫಾರಮ್ಮಿನಲ್ಲಿ "ಲೋಹ" ಅಂತ ಒಂದು ಕಾಲಂ ಇದೆ. ಇಪ್ಪತ್ತು ವರ್ಷವೂ ಅವರು ಅಲ್ಲಿ ಕಬ್ಬಿಣ, ಕಬ್ಬಿಣ, ಕಬ್ಬಿಣ ಅಂತ ಬರೆದಿದ್ದರು. ಬೆಳ್ಳಿ ಬಣ್ಣದ ಬ್ರಾಕೆಟ್ಟನ್ನು ಎತ್ತಿದಾಗ ಅವರ ಕೈ ಅಂದುಕೊಂಡದ್ದಕ್ಕಿಂತ ಒಂದು ಅಡಿ ಮೇಲೆ ಹೋಯಿತು. ಕೂಡಲೇ ಅದನ್ನು ಅಂಚೆ ಕಾಗದ ತೂಗುವ ತಕ್ಕಡಿಯಲ್ಲಿ ಇಡಿಸಿದರು. ಐನೂರೈವತ್ತು ಗ್ರಾಂ. ಪೆನ್ನಿನ ತುದಿಯಲ್ಲಿ ಬಡಿದರು. ಟಣ್ ಅನ್ನಲಿಲ್ಲ, ಟಪ್ ಅಂದಿತು.

ಭಾವ ಕಣ್ಣು ಮುಚ್ಚಿಕೊಂಡರು.

"ಶಬ್ದ ಹೀರಿಕೊಳ್ಳುತ್ತೆ" ಅಂದರು ಸಾಹೇಬರು ಗೌರವದಿಂದ. "ಎಂಜಿನ್ ನಡುಕಾನೂ ಹೀರಿಕೊಳ್ಳುತ್ತೆ ಹಾಗಾದ್ರೆ."

"ಹೀರಿಕೊಳ್ಳದೆ ಏನು ಸಾರ್" ಅಂದ ಅಪ್ಪ.

ಸಾಹೇಬರು ಕಾಲಮ್ಮಿನಲ್ಲಿ ದುಂಡಗೆ "ವಿಶೇಷ ಹಗುರ ಲೋಹ" ಅಂತ ಬರೆದರು. ತೂಕ ಬರೆದರು. ಬ್ರಾಕೆಟ್ಟಿನ ತೂತಿಗೆ ದಾರ ಪೋಣಿಸಿ, ಚೀಟಿ ಕಟ್ಟಿ, ಅರಗು ಹಾಕಿ ಮೊಹರು ಒತ್ತಿ, ಬರುವ ಶುಕ್ರವಾರ ಎಂಜಿನ್ ಕೂರಿಸುವಾಗ ತಾವೇ ಬರುವುದಾಗಿಯೂ, ಉಳಿದ ಮೂರೂ ಈ ಸ್ಯಾಂಪಲ್ಲಿನಂತೆಯೇ ಇರತಕ್ಕದ್ದೆಂದೂ ಹೇಳಿದರು. ಬಿಸಿ ಅರಗು ಬಿದ್ದ ಜಾಗದಲ್ಲಿ ಸಣ್ಣಗೆ ಹೊಗೆ ಎದ್ದಿತು. ಯಾರೂ ಗಮನಿಸಲಿಲ್ಲ, ಗಮನಿಸಿದ ಇಬ್ಬರು ಮಾತಾಡಲಿಲ್ಲ.

ಭಾವ ಅಂಗಡಿಯ ಬಾಗಿಲು ಎಳೆದುಕೊಂಡು ನಾಲ್ಕು ದಿನ ಕಬ್ಬಿಣದ ಬ್ರಾಕೆಟ್ಟು ಮಾಡಿದರು. ನಾನು ಅನೇಕ ವೆಲ್ಡಿಂಗ್ ನೋಡಿದ್ದೇನೆ, ಅಂಥದ್ದು ನೋಡಿಲ್ಲ. ಹತ್ತು ಮಿಲಿಮೀಟರ್ ಪ್ಲೇಟು, ಮೂಲೆಗೆ ಆನಿಕೆಯಾಗಿ ತ್ರಿಕೋನದ ತುಂಡು, ಎಂಜಿನ್ ಕೂರುವ ಕಡೆ ರಬ್ಬರ್ ಪ್ಯಾಡು. ಒಂದೊಂದೂ ಆರು ಕಿಲೋ. ಅದರ ಮೇಲೆ ಎಂಜಿನ್ ಏನು, ಎಂಜಿನ್ ಮಾಡುವ ಕಾರ್ಖಾನೆಯನ್ನೇ ಕೂರಿಸಬಹುದಿತ್ತು. ಬುಧವಾರ ಬೆಳಿಗ್ಗೆ ನಾಲ್ಕನ್ನೂ ಗೋಣಿಚೀಲದಲ್ಲಿ ತಂದು ಅಪ್ಪನ ಮುಂದೆ ಇಟ್ಟರು. ಇನ್ನೂ ಗಟ್ಟಿಯಾಗಿರಲಿ ಅಂತ ಇವನ್ನು ಮಾಡಿದೆ, ಇವನ್ನೇ ಹಾಕೋಣ ಅಂದರು.

ಅಪ್ಪ ಒಂದನ್ನು ಎತ್ತಿದ. ಅವನ ತೋಳು ಕೆಳಗೆ ಜಗ್ಗಿತು. ಮುಖವೂ ಜಗ್ಗಿತು.

"ಇದು ಕಬ್ಬಿಣ" ಅಂದ.

"ಹೌದು ಮಾವ."

"ಅವು ಎಲ್ಲಿಗೆ ಹೋಗ್ತವೆ?"

ಭಾವ ಚೀಲದ ಬಾಯಿ ಸರಿಮಾಡತೊಡಗಿದರು. ಉತ್ತರ ಅಪ್ಪನಿಗೇ ಹೊಳೆಯಿತು. ಒಳ್ಳೆಯ ಮಾಲು ಯಾರಿಗೋ ಹೋಗುತ್ತಿದೆ, ತನಗೆ ಕಬ್ಬಿಣ ದಾಟಿಸುತ್ತಿದ್ದಾರೆ. ಟೈರ್ ಅಂಗಡಿಯವನು ಎರಡು ದಿನದಿಂದ ಭಾವನ ಅಂಗಡಿಯ ಸುತ್ತ ಸುಳಿದಾಡುತ್ತಿದ್ದದ್ದೂ ನಿಜ. ಅವನಿಗೆ ತನ್ನ ಜೀಪಿಗೆ ಆ ಲೋಹದ ಬಂಪರು ಬೇಕಾಗಿತ್ತು. ಅಪ್ಪ ಜಗಳವಾಡಲಿಲ್ಲ. ಅಳಿಯನ ಜೊತೆ ಜಗಳವಾಡುವುದುಂಟೇ? ಚೀಲದ ಬಾಯಿ ಕಟ್ಟಿ ಮೂಲೆಗೆ ತಳ್ಳಿ, ನೇರ ಅಕ್ಕನ ಮನೆಗೆ ಹೋಗಿ, ಅವಳು ಕೊಟ್ಟ ನೀರನ್ನೂ ಮುಟ್ಟದೆ ಕೂತ.

ಅವನು ಅಲ್ಲಿ ಹೇಳಿದ್ದನ್ನು ಅಕ್ಕ ಆಮೇಲೆ ನಮಗೆ ಹೇಳಿದಳು. "ಒಂಬತ್ತು ವರ್ಷ ನಾನು ಅವರನ್ನ ಗೇಟಿನವರು ಅಂದೆ. ಮನಸ್ಸಿನಲ್ಲಿ ಇಟ್ಕೊಂಡಿದ್ದಾರೆ ಕಣಮ್ಮ. ತಪ್ಪು ನಂದೇ. ಅದಕ್ಕೆ ಈ ಮುದುಕನಿಗೆ ಕಬ್ಬಿಣ ಸಾಕು ಅಂದ್ಕೊಂಡಿದ್ದಾರೆ." ಅಷ್ಟು ಹೇಳಿ ಎದ್ದು ಬಂದನಂತೆ.

ಅಕ್ಕ ಅಂಗಡಿಗೆ ಬಂದು ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ, ನಮ್ಮಪ್ಪನಿಗಿಂತ ನಿಮಗೆ ಆ ಟೈರಿನವನು ಹೆಚ್ಚಾದ್ನಾ?" ಅಂದಳು. ಭಾವ ಎಲ್ಲ ಹೇಳಿದರು. ಅಕ್ಕ ಗ್ಯಾಸ್ ಸಿಲಿಂಡರಿನ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ನಿಂತ ಮೇಲೆ ಅವಳ ಮುಖ ಬಿಗಿಯಿತು. ಎಂಜಿನ್ ಎಷ್ಟು ತೂಕ ಅಂತ ನನ್ನನ್ನು ಕೇಳಿದಳು. ಐನೂರು ಕಿಲೋ ಮೇಲೆ ಅಂದೆ.

"ನಾಳೆನೇ ಹೇಳಿಬಿಡಿ" ಅಂದಳು ಗಂಡನಿಗೆ.

ಗುರುವಾರ ಭಾವ ನಾಲ್ಕು ಸಲ ಹೇಳಲು ಹೋದರು. ನಾಲ್ಕು ಸಲವೂ ಅಪ್ಪ "ಬನ್ನಿ, ಕೂತ್ಕೊಳ್ಳಿ" ಅಂದ. ಅಷ್ಟು ಮರ್ಯಾದೆ ಕೊಡುವವನ ಎದುರು ರಟ್ಟಿನ ವಿಷಯ ಎತ್ತಲು ನಾಲಿಗೆ ಏಳಲಿಲ್ಲ. ಎಂಜಿನ್ ಕೂರಿಸುವುದು ಶುಕ್ರವಾರ ಮಧ್ಯಾಹ್ನ, ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಶೆಡ್ಡಿಗೆ ಹೋದರೆ ಅಲ್ಲಿ ಜಾತ್ರೆ. ಸಾಹೇಬರಿಗೆ ಮಧ್ಯಾಹ್ನ ಬೇರೆ ಕೆಲಸ ಬಂದದ್ದರಿಂದ ಬೆಳಿಗ್ಗೆಯೇ ಬಂದಿದ್ದರು. ಮೊಹರಿನ ಬ್ರಾಕೆಟ್ಟನ್ನು ತಾವೇ ದಾರ ಕತ್ತರಿಸಿ ಕೊಟ್ಟಿದ್ದರು. ಮೇಸ್ತ್ರಿ ನಾಲ್ಕನ್ನೂ ಚಾಸಿಗೆ ಬಿಗಿದು ಮುಗಿಸಿದ್ದ. ನಟ್ಟು ಎರಡು ಸುತ್ತು ಜಾಸ್ತಿ ತಿರುಗಿತು, ಮೆತ್ತಗೆ ಕಚ್ಚಿಕೊಳ್ಳುವುದೇ ಒಳ್ಳೆಯ ಲೋಹದ ಲಕ್ಷಣ ಅಂತ ಟೈರ್ ಅಂಗಡಿಯವನಿಗೆ ವಿವರಿಸುತ್ತಿದ್ದ. ಚೈನು ಅವನ ಕೈಯಲ್ಲಿತ್ತು. ಎಂಜಿನ್ ಬ್ರಾಕೆಟ್ಟುಗಳಿಂದ ಒಂದು ಗೇಣು ಮೇಲೆ ತೂಗುತ್ತಿತ್ತು.

ಅಪ್ಪ ಕಾಣಲಿಲ್ಲ. ಎಲ್ಲಿ ಅಂತ ಭಾವ ಕೇಳಿದರು.

"ಕೆಳಗೆ" ಅಂದ ಮೇಸ್ತ್ರಿ. "ತೂತಿಗೆ ತೂತು ಕೂರೋದನ್ನ ಕಣ್ಣಾರೆ ನೋಡ್ಬೇಕಂತೆ."

ಲಾರಿಯ ಕೆಳಗಿನಿಂದ ಅಪ್ಪನ ಎರಡು ಪಾದ ಹೊರಗೆ ಚಾಚಿಕೊಂಡಿದ್ದವು. ಒಳಗಿಂದ "ಇಳಿಸು" ಅಂತ ಅವನ ದನಿ ಬಂತು.

"ಒಂದು ನಿಮಿಷ" ಅಂದರು ಭಾವ ಮೇಸ್ತ್ರಿಗೆ. ಅಷ್ಟೂ ಜನರೆದುರು ಹೇಳುವ ಧೈರ್ಯ ಅವರಿಗಿರಲಿಲ್ಲ. ಅಪ್ಪ ಅಲ್ಲಿ ಮಲಗಿರುವಾಗ ಹೇಳದೆ ನಿಲ್ಲುವ ಧೈರ್ಯವೂ ಇರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡೇ ನೆಲಕ್ಕೆ ಬೆನ್ನು ಕೊಟ್ಟು, ತೆವಳಿಕೊಂಡು ಲಾರಿಯ ಕೆಳಗೆ ಹೋಗಿ ಅಪ್ಪನ ಪಕ್ಕದಲ್ಲಿ ಮಲಗಿದರು. ನಾನು ಮುಂದಿನ ಚಕ್ರದ ಹತ್ತಿರ ಬಗ್ಗಿ ಕೂತೆ. ಅಲ್ಲಿಂದ ಅವರಿಬ್ಬರ ಮುಖ ಕಾಣುತ್ತಿತ್ತು. ಅವರಿಗೆ ಆಚೆ ಬದಿಯಲ್ಲಿ ಜನರ ಕಾಲುಗಳಷ್ಟೇ ಕಾಣುತ್ತಿದ್ದಿರಬೇಕು. ಸಾಹೇಬರ ಬೂಟು, ಮೇಸ್ತ್ರಿಯ ಹರಿದ ಚಪ್ಪಲಿ.

"ಮಾವ, ಇದು ರಟ್ಟು."

"ಯಾವುದು?"

"ನಾಲ್ಕೂ."

ಅಪ್ಪ ಕೈ ಎತ್ತಿ ಹತ್ತಿರದ ಬ್ರಾಕೆಟ್ಟಿನ ಅಂಚಿಗೆ ಹೆಬ್ಬೆರಳ ಉಗುರು ಒತ್ತಿದ. ಬೆಳ್ಳಿ ಬಣ್ಣ ಚಕ್ಕೆ ಎದ್ದು ಅವನ ಮೀಸೆಯ ಮೇಲೆ ಬಿತ್ತು. ಒಳಗಿಂದ ಕಂದು ರಟ್ಟಿನ ಪದರ ಇಣುಕಿತು.

"ವಿಮಾನದ್ದು ಅಂದ್ರಲ್ಲ."

"ಅದು ಟೈರ್ ಅಂಗಡಿಯವರು ಅಂದಿದ್ದು."

"ನೀವೇನಂದ್ರಿ?"

"ಬೇರೆ ಥರದ್ದು ಅಂದೆ."

ಅಪ್ಪ "ಅದು ಸುಳ್ಳಲ್ಲ" ಅಂದ. ಮೀಸೆಯ ಮೇಲಿನ ಚಕ್ಕೆ ಕೊಡವಿಕೊಂಡು, "ಆವತ್ತೇ ಹೇಳ್ಬಹುದಿತ್ತು" ಅಂದ.

"ಆವತ್ತು ನೀವು ಎಲ್ಲರೆದುರು ನನ್ನ ಅಳಿಯ ಅಂದ್ರಿ. ರಟ್ಟು ಅಂದ್ರೆ ಅದನ್ನ ವಾಪಸ್ ತಗೋತೀರಿ ಅನ್ನಿಸ್ತು."

ಎಂಜಿನ್ನಿನಿಂದ ಒಂದು ಹನಿ ಎಣ್ಣೆ ಅಪ್ಪನ ಹಣೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಮೇಲೆ ತೂಗುತ್ತಿದ್ದ ಐನೂರು ಕಿಲೋ ನೋಡಿದ, ಪಕ್ಕದಲ್ಲಿ ಅಂಗಾತ ಮಲಗಿದ್ದ ಇಸ್ತ್ರಿ ಅಂಗಿ ನೋಡಿದ. ಆಮೇಲೆ ಭಾವನ ತೋಳಿಗೆ ಕೈ ಕೊಟ್ಟು ಹೊರಗೆ ದಬ್ಬಿದ.

"ಮೊದಲು ಇಲ್ಲಿಂದ ಆಚೆ ನಡೀರಿ. ಆ ಮೇಸ್ತ್ರಿ ಕೈ ಜಾರಿದ್ರೆ ಮಗಳಿಗೆ ನಾನೇನು ಹೇಳ್ಲಿ?"

ಇಬ್ಬರೂ ಹೊರಗೆ ಬಂದು ಮೈ ಕೊಡವಿಕೊಂಡರು. ಎಲ್ಲರೂ ನೋಡುತ್ತಿದ್ದರು. ಭಾವ ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ಮೂಲೆಯ ಗೋಣಿಚೀಲ ತೋರಿಸಿ, ಇವನ್ನು ಬಿಚ್ಚಿ ಅವನ್ನು ಹಾಕು ಅಂತ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಯಾಕೆ ಅಂದ. ನನ್ನ ಅಪ್ಪ ಬದುಕಿನಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಭ್ಯಾಸವಿಲ್ಲದವನಾದ್ದರಿಂದ ದೊಡ್ಡದನ್ನೇ ಹೇಳಿದ. ವಿಮಾನದ ಲೋಹ ಆಕಾಶದಲ್ಲಿ ಸರಿ, ಅಲ್ಲಿ ಗುಂಡಿಗಳಿಲ್ಲ. ನಮ್ಮ ರಸ್ತೆಗೆ ಕಬ್ಬಿಣವೇ ಆಗಬೇಕು ಅಂತ ಅಳಿಯಂದಿರು ಬುಧವಾರವೇ ಹೇಳಿದ್ದರು, ತಾನೇ ಹಟ ಮಾಡಿದ್ದು, ಈಗ ಕೆಳಗೆ ಮಲಗಿ ನೋಡಿದ ಮೇಲೆ ಅವರ ಮಾತು ಸರಿ ಅನ್ನಿಸಿತು.

ಟೈರ್ ಅಂಗಡಿಯವನು ತನ್ನ ಷಡ್ಡಕನೂ ಇದನ್ನೇ ಹೇಳಿದ್ದ ಅಂದ.

ಕಷ್ಟಕ್ಕೆ ಸಿಕ್ಕವರು ಸಾಹೇಬರು. ಫೈಲಿನಲ್ಲಿ ಐನೂರೈವತ್ತು ಗ್ರಾಂ ಅಂತ ಇದೆ, ಎದುರಿಗೆ ಆರು ಕಿಲೋ ಇದೆ. ಕಡಿಮೆ ದರ್ಜೆಯ ಲೋಹದಿಂದ ಮೇಲಿನದಕ್ಕೆ ಹೋಗಲು ಫಾರಂ ಉಂಟು, ಮೇಲಿನದರಿಂದ ಕೆಳಗೆ ಇಳಿಯಲು ಇಲ್ಲ. ಹಾಗೆ ಯಾರೂ ಇಳಿದಿರಲಿಲ್ಲ. ಅವರು ಬಾನೆಟ್ಟಿನ ಮೇಲೆ ಕಾಗದ ಹರವಿಕೊಂಡು ಕಾಲು ಗಂಟೆ ಒದ್ದಾಡಿ, ಅರ್ಜಿದಾರರು ರಸ್ತೆಯ ಸ್ಥಿತಿಗತಿಯನ್ನು ಪರಿಗಣಿಸಿ ವಿಶೇಷ ಲೋಹವನ್ನು ಸ್ವಇಚ್ಛೆಯಿಂದ ತ್ಯಜಿಸಿರುತ್ತಾರೆ ಎಂದು ಬರೆದರು. ಕಬ್ಬಿಣದ ಬ್ರಾಕೆಟ್ಟುಗಳನ್ನು ಅಳೆದು, ವೆಲ್ಡಿಂಗಿಗೆ ಸುತ್ತಿಗೆಯಲ್ಲಿ ಬಡಿದು ನೋಡಿ, ಇವು ಬಹಳ ಗಟ್ಟಿ ಅಂತ ಸ್ವಲ್ಪ ಬೇಜಾರಿನಿಂದ ಒಪ್ಪಿಕೊಂಡರು. ಹೊರಡುವಾಗ ಮೊಹರಿನ ಸ್ಯಾಂಪಲ್ಲನ್ನು ತಾವು ಇಟ್ಟುಕೊಳ್ಳಬಹುದೇ ಅಂತ ಸಂಕೋಚದಿಂದ ಕೇಳಿದರು. ಭಾವ ಎರಡೂ ಕೈಯಲ್ಲಿ ಕೊಟ್ಟರು. ಈಗ ಅದು ಸಾಹೇಬರ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿದೆ. ಫ್ಯಾನು ಜೋರಾದಾಗ ಕಾಗದಗಳ ಜೊತೆ ಅದೂ ಹಾರುತ್ತದೆ ಅಂತ ಹೇಳುತ್ತಾರೆ.

ಹನ್ನೊಂದು ಗಂಟೆಗೆ ಎಂಜಿನ್ ಇಳಿಯಿತು. ನಾಲ್ಕೂ ತೂತಿಗೆ ಬೋಲ್ಟು ಕೈಯಲ್ಲಿ ತಳ್ಳಿದರೆ ಹೋಗುವಷ್ಟು ನೇರವಾಗಿ ಕೂತಿತು. ಮೇಸ್ತ್ರಿ ಮೂವತ್ತು ವರ್ಷದಲ್ಲಿ ಹೀಗೆ ಕೂತದ್ದು ನೋಡಿಲ್ಲ ಅಂದ. ಈ ಸಲ ಅದು ನಿಜವಿದ್ದಿರಬೇಕು. ಪೈಪು, ತಂತಿ, ರೇಡಿಯೇಟರು ಜೋಡಿಸುವುದಕ್ಕೆ ಮತ್ತೆರಡು ದಿನ ಹಿಡಿಯಿತು. ಭಾನುವಾರ ಬೆಳಿಗ್ಗೆ ಎಂಜಿನ್ ಶುರುವಾಯಿತು. ಅಪ್ಪ ಸ್ಟೇರಿಂಗ್ ಹಿಡಿದು ಕೂತ. ನಾನು ಅಭ್ಯಾಸದಂತೆ ಎಡಬಾಗಿಲು ಹತ್ತಲು ಹೋದೆ.

"ನೀನು ಹಿಂದೆ ಹತ್ತು" ಅಂದ ಅಪ್ಪ. "ಅವರು ಬರಲಿ. ಬ್ರಾಕೆಟ್ ಮುರಿದ್ರೆ ಮಾಡಿದವರೂ ಜೊತೆಗಿರಬೇಕು."

ನಾನು ಖಾಲಿ ಬಾಡಿಯಲ್ಲಿ ಕ್ಯಾಬಿನ್ನಿನ ಹಿಂದಿನ ಕಿಂಡಿಗೆ ಮುಖ ಕೊಟ್ಟು ನಿಂತೆ. ಅಪ್ಪ ನೇರ ರಸ್ತೆ ಬಿಟ್ಟು ಹುಡುಕಿ ಹುಡುಕಿ ಕೆಟ್ಟ ರಸ್ತೆಗೆ ಹೋದ. ಸಿಕ್ಕ ಉಬ್ಬುಗಳನ್ನೆಲ್ಲ ಹತ್ತಿಸಿದ, ಗುಂಡಿಗಳನ್ನೆಲ್ಲ ಇಳಿಸಿದ. ಒಂದೊಂದು ಏಟಿಗೂ ಭಾವ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡು ಹಿಡಿದು ಕಾಲ ಕೆಳಗಿನ ಸದ್ದಿಗೆ ಕಿವಿ ಕೊಡುತ್ತಿದ್ದರು. ಎಂಜಿನ್ ಕದಲಲಿಲ್ಲ. ಆರು ಮೈಲಿಯಾದ ಮೇಲೆ ಅಪ್ಪ ಲಾರಿಯನ್ನು ಮರದ ಕೆಳಗೆ ನಿಲ್ಲಿಸಿ, ಇಳಿದು, ಮುಂದಿನ ಚಕ್ರದ ಪಕ್ಕ ಬಗ್ಗಿದ. ಭಾವನೂ ಓಡಿಹೋಗಿ ಬಗ್ಗಿದರು. ನಾನೂ ಜಿಗಿದೆ.

ಅಪ್ಪ ಬ್ರಾಕೆಟ್ಟಿನ ವೆಲ್ಡಿಂಗ್ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದ. ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ. ಬೆರಳು ಒಂದು ಕಡೆ ನಿಂತಿತು.

"ಏನಯ್ಯಾ ಇದು, ಇಲ್ಲಿ ಸೊಟ್ಟ ಹಾಕಿದ್ದೀಯ" ಅಂದ. "ಕಣ್ಣು ಎಲ್ಲಿಟ್ಕೊಂಡು ಮಾಡಿದೆ? ನಾಳೆ ಬೆಳಿಗ್ಗೆ ಬೇಗ ಬಾ. ನಾನೂ ಬಿಚ್ಚಿಕೊಡ್ತೀನಿ, ಸರಿ ಮಾಡು."

ಅಪ್ಪ ನನ್ನನ್ನು ಹೀಗೆ ಬೈಯುತ್ತಾನೆ, ಅಕ್ಕನನ್ನು ಬೈಯುತ್ತಾನೆ, ಲಾರಿಯನ್ನು ದಿನಾ ಬೈಯುತ್ತಾನೆ. ಹೊರಗಿನವರಿಗೆ ಎಂದೂ ಒಂದು ಮಾತು ಅಂದವನಲ್ಲ.

ನಾನೂ ಬಗ್ಗಿ ನೋಡಿದೆ. ವೆಲ್ಡಿಂಗ್ ಗೆರೆ ಎಳೆದ ಹಾಗೆ ನೇರವಾಗಿತ್ತು.

ಭಾವನೂ ನೋಡಿದರು. ಅವರಿಗೂ ಕಂಡಿರಬೇಕು. "ಹೌದು ಮಾವ, ಸೊಟ್ಟ ಇದೆ" ಅಂದರು.